ಉಚಿತ ವೈಫೈಯಲ್ಲಿ ಹಣದ ವ್ಯವಹಾರ ಮಾಡಬಹುದೇ?

ಪ್ರಶ್ನೆ: ಹುಬ್ಬಳ್ಳಿ ರೈಲು ನಿಲ್ದಾಣ ಮತ್ತು ಹೋಟೆಲುಗಳ ಉಚಿತ ವೈಫೈಯಲ್ಲಿ ಬ್ಯಾಂಕ್ ವ್ಯವಹಾರ ಸುರಕ್ಷಿತವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಲ್ದಾಣಗಳಲ್ಲಿ ರೈಲ್‌ಟೆಲ್ ಸಂಸ್ಥೆಯು ‘ರೈಲ್‌ವೈರ್’ ಹೆಸರಿನಲ್ಲಿ ದಿನಕ್ಕೆ ಮೊದಲ 30 ನಿಮಿಷ ಉಚಿತವಾಗಿ ಕೊಡುವ ಸಂಪರ್ಕಕ್ಕೆ ಮೊಬೈಲ್ ಸಂಖ್ಯೆ ನೀಡಿ, ಬಂದ ಒಟಿಪಿಯನ್ನು ನಮೂದಿಸಬೇಕು. ಆದರೆ ಈ ಒಟಿಪಿ ನಿಮ್ಮ ಸಂಖ್ಯೆಯನ್ನು ಖಚಿತಪಡಿಸುತ್ತದೆಯೇ ಹೊರತು ಮಾಹಿತಿಗೆ ರಕ್ಷಣೆ ನೀಡುವುದಿಲ್ಲ. ಬ್ಯಾಂಕಿನ ಆ್ಯಪ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿಯೇ ಕಳಿಸುವುದರಿಂದ ಅದನ್ನು ನಡುವೆ ಓದುವುದು ಸುಲಭವಲ್ಲ. ನಿಜವಾದ ಅಪಾಯವಿರುವುದು, ಹೋಟೆಲಿನ ಹೆಸರನ್ನೇ ಇಟ್ಟು ಪಕ್ಕದ ಮೇಜಿನಿಂದ ಯಾರೋ ತೆರೆದಿಟ್ಟ ನಕಲಿ ವೈಫೈಯಲ್ಲಿ. ಅಂಥ ವೈಫೈಯ ಲಾಗಿನ್ ಪುಟ ಕಾರ್ಡ್ ಸಂಖ್ಯೆಯನ್ನೋ ಪಿನ್ನನ್ನೋ ಕೇಳಿದರೆ ದಯವಿಟ್ಟು ಕೊಡಲೇಬೇಡಿ. ವೈಫೈಯ ಸರಿಯಾದ ಹೆಸರನ್ನು ಕೌಂಟರಿನಲ್ಲಿ ವಿಚಾರಿಸಿ. ಹಣ ಕಳಿಸುವಾಗ ಮಾತ್ರ ಮೊಬೈಲ್ ಡೇಟಾವನ್ನೇ ಬಳಸಿರೆಂಬುದು ನನ್ನ ಸಲಹೆ. ಫೋನು ತಾನಾಗಿಯೇ ವೈಫೈಗೆ ಸೇರಿಕೊಳ್ಳುವ ವ್ಯವಸ್ಥೆಯನ್ನೂ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಡಿ.