ಹೊಟ್ಟೆ, ಎದೆ ಎರಡೂ ಆಪರೇಷನ್ ಒಟ್ಟಿಗೆ ಮಾಡಿಸಿದರೆ ಎರಡು ವಾರ ರಜೆ ಸಾಕಾ?

ಸಾಲದು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನೀವು ಬರೆದದ್ದು ಇಷ್ಟು: ಎರಡು ಮಕ್ಕಳು, ಚಿಕ್ಕದಕ್ಕೆ ಎರಡು ವರ್ಷ. ಹಾಲು ಬಿಡಿಸಿ ಎಂಟು ತಿಂಗಳಾಗಿದೆ. ಜೂನ್ ಮೊದಲ ವಾರ ಟಮ್ಮಿ ಟಕ್ (ಹೊಟ್ಟೆಯ ಜೋತ ಚರ್ಮ ತೆಗೆದು ಸ್ನಾಯು ಬಿಗಿ ಮಾಡುವುದು) ಮತ್ತು ಬ್ರೆಸ್ಟ್ ಲಿಫ್ಟ್ (ಜೋತ ಎದೆಯನ್ನು ಎತ್ತಿ ಕೂರಿಸುವುದು) ಒಟ್ಟಿಗೆ ಮಾಡಿಸಬೇಕು ಅಂತಿದ್ದೀರಿ. ಎರಡು ವಾರ ರಜೆ ಸಿಗುತ್ತದೆ. ಶ್ರಾವಣದಲ್ಲಿ, ಆಗಸ್ಟ್ ಕೊನೆಗೆ ತಂಗಿಯ ಮದುವೆ. ಅಷ್ಟರಲ್ಲಿ ಮೊದಲಿನಂತೆ ಆಗುತ್ತೀನಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಇದೇ ಎರಡನ್ನೂ, ಜೊತೆಗೆ ಸೊಂಟದ ಪಕ್ಕದ ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಕೂಡ, ಒಂದೇ ದಿನ ಮಾಡಿಸಿಕೊಂಡವಳು. ಆಗ ನನಗೆ 36. ಮನೆ ಮೈಸೂರು, ಆಪರೇಷನ್ ಆದದ್ದು ಬೆಂಗಳೂರಿನಲ್ಲಿ. ಎರಡೂ ಹೆರಿಗೆ ಸಿಸೇರಿಯನ್. ಮಲಗಿ ತಲೆ ಎತ್ತಿದರೆ ಹೊಟ್ಟೆಯ ನಡುವೆ ಉದ್ದಕ್ಕೆ ದಿಬ್ಬ ಏಳುತ್ತಿತ್ತು. ಸ್ನಾಯುಗಳ ಮಧ್ಯೆ ನಾಲ್ಕು ಬೆರಳು ಇಳಿಯುವಷ್ಟು ಸಂದು. ಒಂದು ವರ್ಷ ಫಿಸಿಯೋಥೆರಪಿ ಮಾಡಿದೆ. ಬೆನ್ನುನೋವು ಕಡಿಮೆ ಆಯಿತು, ಸಂದು ಕೂಡಲಿಲ್ಲ. ಜೋತುಬಿದ್ದ ಚರ್ಮದ ಕೆಳಗೆ ಬೇಸಿಗೆಯಲ್ಲಿ ಹುಣ್ಣಾಗುತ್ತಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, "ಹೆತ್ತವಳ ಹೊಟ್ಟೆ ಹಂಗೇ ಇರೋದು, ಅದಕ್ಕೆ ಯಾರಾದ್ರೂ ಕುಯ್ಯಿಸ್ಕೋತಾರಾ" ಅನ್ನುವವರು ನಿಮಗೂ ಸಿಗುತ್ತಾರೆ. ಅವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಚೇತರಿಸಿಕೊಳ್ಳುವಾಗ ಆ ಶಕ್ತಿ ಬೇಕಾಗುತ್ತದೆ.

ಈಗ ವಿಷಯಕ್ಕೆ. ಒಟ್ಟಿಗೆ ಮಾಡಿಸಿದರೆ ಅನಸ್ತೇಷಿಯಾ ಒಂದೇ ಸಲ, ರಜೆ ಒಂದೇ ಸಲ, ಅದು ನಿಜ. ಆದರೆ ಒಂದು ಮಾತು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೊಟ್ಟೆ ಕುಯ್ಯಿಸಿಕೊಂಡವರು ಕೈ ಊರಿ ಏಳುತ್ತಾರೆ. ಎದೆಯ ಆಪರೇಷನ್ ಆದವರು ಹೊಟ್ಟೆಯ ಬಲದಲ್ಲಿ ಏಳುತ್ತಾರೆ. ಎರಡೂ ಆದವಳು ಯಾವುದರ ಬಲದಲ್ಲಿ ಏಳಬೇಕು ಹೇಳಿ? ಮೊದಲ ನಾಲ್ಕೈದು ದಿನ ನನ್ನನ್ನು ಎಬ್ಬಿಸಲು ಅಕ್ಕ ಬೆನ್ನ ಹಿಂದೆ ಕೈ ಕೊಡಬೇಕಿತ್ತು. ಕಕ್ಕಸಿಗೆ ಹೋಗಲೂ ಅಷ್ಟೇ. ರಾತ್ರಿ ಎರಡು ಗಂಟೆಗೂ ಅಷ್ಟೇ. ಹಾಗಾಗಿ ಮೊದಲ ವಾರ ಹಗಲು ರಾತ್ರಿ ಒಬ್ಬರು ದೊಡ್ಡವರು ನಿಮ್ಮ ಪಕ್ಕದಲ್ಲೇ ಇರಬೇಕು. ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಎರಡೂ ಕೆಲಸ ಒಬ್ಬರಿಂದ ಆಗಲ್ಲ.

ಆಸ್ಪತ್ರೆಯಲ್ಲಿ ಎರಡು ರಾತ್ರಿ ಇದ್ದೆ. ಮಾರನೇ ಬೆಳಿಗ್ಗೆಯೇ ನಡೆಸಿದರು. ಬೆನ್ನು ಬಗ್ಗಿಸಿಕೊಂಡು, ಮುದುಕಿಯ ಹಾಗೆ. ನೆಟ್ಟಗೆ ನಿಲ್ಲಬೇಡಿ ಅಂತ ಅವರೇ ಹೇಳುತ್ತಾರೆ, ಹೊಲಿಗೆ ಜಗ್ಗಬಾರದಲ್ಲ. ಸರಿಯಾಗಿ ನೆಟ್ಟಗಾಗಲು ನನಗೆ ಹನ್ನೆರಡು ದಿನ ಬೇಕಾಯಿತು. ಅಲ್ಲಿಯವರೆಗೆ ಹೊಟ್ಟೆಗಿಂತ ಸೊಂಟವೇ ಜಾಸ್ತಿ ನೋಯಿತು. ಮಲಗುವಾಗ ಬೆನ್ನಿಗೆ ಮೂರು ದಿಂಬು, ಮೊಣಕಾಲ ಕೆಳಗೆ ಎರಡು. ಕೆಮ್ಮು, ಸೀನು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಸಿಸೇರಿಯನ್ ಆದವರಿಗೆ ಇದು ಗೊತ್ತೇ ಇರುತ್ತದೆ. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತದೆ, ತಿಣುಕುವ ಹಾಗಿಲ್ಲ. ಮೊದಲ ದಿನದಿಂದಲೇ ಅದಕ್ಕೆ ಔಷಧಿ ಕೇಳಿ ತೆಗೆದುಕೊಳ್ಳಿ.

ಒಳಗೆ ಸೇರುವ ದ್ರವ ಹೊರಗೆ ಬರಲಿ ಅಂತ ಹೊಟ್ಟೆಯಿಂದ ಡ್ರೈನ್ ಅನ್ನುವ ಎರಡು ಟ್ಯೂಬ್ ಬಿಟ್ಟಿದ್ದರು, ತುದಿಗೆ ಕೈಯಲ್ಲಿ ಅದುಮುವ ಪ್ಲಾಸ್ಟಿಕ್ ಬುರುಡೆ. ಬೆಳಿಗ್ಗೆ, ಸಂಜೆ ಅದನ್ನು ಬರಿದು ಮಾಡಿ ಎಷ್ಟು ಬಂತು ಅಂತ ಬರೆಯಬೇಕು. ಅಕ್ಕನ ಮಗಳ ಹಳೇ ಡ್ರಾಯಿಂಗ್ ಪುಸ್ತಕದಲ್ಲಿ, ಅವಳು ಬಿಡಿಸಿದ ಆನೆಯ ಪಕ್ಕದಲ್ಲಿ ಬರೆಯುತ್ತಿದ್ದೆವು. ಮೊದಲ ದಿನ 110 ಮಿಲಿ. ಆಮೇಲೆ 80, 65. ಬಣ್ಣ ರಕ್ತದಿಂದ ತಿಳಿ ಚಹಾಕ್ಕೆ ಬಂತು, ಆಮೇಲೆ ಒಣಹುಲ್ಲಿನ ಬಣ್ಣ. ದಿನಕ್ಕೆ 30 ಮಿಲಿಗಿಂತ ಕಡಿಮೆ ಆದ ಮೇಲೆ, ಒಂಬತ್ತನೇ ದಿನ ತೆಗೆದರು. ತೆಗೆಯುವಾಗ ಒಂದು ಕ್ಷಣ ವಿಚಿತ್ರವಾಗಿ ಎಳೆದಂತಾಯಿತು, ಅಷ್ಟೇ. ಡ್ರೈನ್ ಇರುವಷ್ಟು ದಿನ ಮುಂದೆ ಗುಂಡಿ ಇರುವ ನೈಟಿ ಬಿಟ್ಟರೆ ಬೇರೇನೂ ಹಾಕಲು ಆಗಲ್ಲ. ನಾಲ್ಕು ಹೊಲಿಸಿಟ್ಟುಕೊಳ್ಳಿ.

ಅದಾದ ಮೇಲೇ ಮೈಸೂರಿಗೆ ಬಂದದ್ದು. ದಾರಿಯಲ್ಲಿ ರಾಮನಗರ, ಮದ್ದೂರಿನ ಹತ್ತಿರ ಕಾರು ನಿಲ್ಲಿಸಿ ಹತ್ತು ಹತ್ತು ನಿಮಿಷ ನಡೆದೆ. ಇದು ಸುಮ್ನೆ ಅಲ್ಲ. ಇಂಥ ದೊಡ್ಡ ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ. ಜ್ವರ 101 ದಾಟಿದರೆ, ಒಂದು ಕಡೆಯ ಎದೆ ಮಾತ್ರ ಗಡುಸಾಗಿ ಊದಿದರೆ, ಹೊಲಿಗೆಯಿಂದ ಕೀವು ಬಂದರೆ ಸರ್ಜನ್‌ಗೆ ತಕ್ಷಣ ಫೋನ್ ಮಾಡಿ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಈಗಲೇ ಅವರಿಗೆ ಹೇಳಿ. ರಕ್ತ ಹೆಪ್ಪುಗಟ್ಟುವುದಕ್ಕೂ ಅದಕ್ಕೂ ಸಂಬಂಧ ಇದೆ.

ನನ್ನ ತಪ್ಪೊಂದನ್ನು ಹೇಳುತ್ತೇನೆ, ಅದು ನಿಮ್ಮ ಎರಡು ವಾರದ ಲೆಕ್ಕಕ್ಕೇ ಸಂಬಂಧಪಟ್ಟದ್ದು. ಹದಿನಾರನೇ ದಿನ ಬೆಳಿಗ್ಗೆ ಎದ್ದಾಗ ಮೈ ಹಗುರ ಅನ್ನಿಸಿತು. ನೋವಿನ ಮಾತ್ರೆ ಬಿಟ್ಟು ನಾಲ್ಕು ದಿನ ಆಗಿತ್ತು. ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಮಹಡಿ ಹತ್ತಿದೆ. ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಹೊಕ್ಕುಳ ಕೆಳಗೆ ಮುಟ್ಟಿದರೆ ನೀರು ತುಂಬಿದ ಚೀಲದಂತೆ ತುಳುಕುತ್ತಿದೆ. ಒಳಗೆ ನೀರು ಕಟ್ಟಿಕೊಂಡಿತ್ತು. ಬೆಂಗಳೂರಿಗೆ ಹೋಗಿ ಸಿರಿಂಜಿನಲ್ಲಿ ತೆಗೆಸಿದ್ದಾಯಿತು, ಒಂದು ವಾರ ಬಿಟ್ಟು ಇನ್ನೊಮ್ಮೆ. ಇದು ಏನೂ ಎತ್ತದೆಯೂ ಆಗಬಹುದು ಅಂದರು ಡಾಕ್ಟರ್. ಆದರೂ ಆ ಬಕೆಟ್ ಈಗಲೂ ಕಣ್ಣ ಮುಂದೆ ಬರುತ್ತದೆ. ಎರಡು ವಾರಕ್ಕೆ ಹೊರಗಿನ ಹೊಲಿಗೆ ಒಣಗಿರುತ್ತದೆ. ಒಳಗೆ ಸ್ನಾಯುಗಳನ್ನು ಎಳೆದು ಸೇರಿಸಿದ ಹೊಲಿಗೆಗೆ ಕನಿಷ್ಠ ಆರು ವಾರ ಬೇಕು.

ಆ ಆರು ವಾರ ಅಂದರೆ ನಿಮ್ಮ ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ ಅಂತ ಅರ್ಥ. ನಾಲ್ಕೈದು ಕೆಜಿಗಿಂತ ಭಾರ ಬೇಡ ಅಂತಾರೆ. ಎರಡು ವರ್ಷದ ಮಗು ಹನ್ನೊಂದು, ಹನ್ನೆರಡು ಕೆಜಿ ಇರುತ್ತದೆ. ನನಗೆ ಹೊಲಿಗೆಯ ನೋವಿಗಿಂತ ಇದೇ ಕಷ್ಟವಾದದ್ದು. ಹದಿಮೂರು ದಿನದ ನಂತರ ನನ್ನನ್ನು ನೋಡಿದ ಮಗ ಬಾಗಿಲಲ್ಲೇ ಎರಡೂ ಕೈ ಮೇಲೆತ್ತಿ "ಎತ್ಕೋ" ಅಂದ. ಆಗಲಿಲ್ಲ. ಅವನು ಅತ್ತ, ನಾನೂ ಅತ್ತೆ. ಆಮೇಲೆ ನನ್ನ ಅತ್ತೆಯೇ ಉಪಾಯ ಮಾಡಿದರು. ದಿವಾನದ ಪಕ್ಕ ಗಟ್ಟಿ ಮಣೆ ಇಟ್ಟರು. ನಾನು ಹೊಟ್ಟೆಗೆ ದಿಂಬು ಇಟ್ಟುಕೊಂಡು ಕೂರುವುದು, ಅವನು ತಾನೇ ಮಣೆ ಹತ್ತಿ ನನ್ನ ಪಕ್ಕಕ್ಕೆ ಬಂದು ಒರಗುವುದು. ಮೂರೇ ದಿನಕ್ಕೆ ಅಭ್ಯಾಸವಾಯಿತು. ನೀವು ಆಪರೇಷನ್‌ಗೆ ಒಂದು ತಿಂಗಳು ಮೊದಲೇ ಇದನ್ನು ಶುರು ಮಾಡಿ. ಸ್ನಾನ, ನಿದ್ದೆ ಎಲ್ಲಾ ಅಪ್ಪನ ಕೈಯಲ್ಲಿ ಅಭ್ಯಾಸವಾಗಲಿ.

ಮನೆಯವರು ಇದನ್ನು ಬಾಣಂತನದ ಹಾಗೆ ನೋಡಿಕೊಂಡರೆ ಒಳ್ಳೆಯದೇ, ಆದರೆ ಬಾಣಂತನದ ಉಪಚಾರ ಎಲ್ಲಾ ಇಲ್ಲಿ ನಡೆಯಲ್ಲ. ಎಣ್ಣೆ ನೀವುವುದು, ಹಂಡೆಗಟ್ಟಲೆ ಬಿಸಿನೀರು ಹೊಯ್ಯುವುದು ಬೇಡ. ಹೊಕ್ಕುಳ ಕೆಳಗೆ ತಿಂಗಳುಗಟ್ಟಲೆ ಸ್ಪರ್ಶವೇ ಇರುವುದಿಲ್ಲ. ಬಿಸಿನೀರಿನ ಚೀಲ ಇಟ್ಟರೆ ಚರ್ಮ ಸುಟ್ಟರೂ ಗೊತ್ತಾಗಲ್ಲ. ಪಥ್ಯ ಅಂತ ಬರೀ ಅನ್ನ, ತಿಳಿಸಾರು ತಿಂದು ಕೂರಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು: ಮೊಟ್ಟೆ, ಬೇಳೆ, ಮೊಳಕೆಕಾಳು, ಮೊಸರು. ನಮ್ಮಮ್ಮ ಬದನೆಕಾಯಿ ನಂಜು ಅಂದರು. ಅದನ್ನು ಬಿಟ್ಟೆ, ಬದನೆಕಾಯಿ ಇಲ್ಲದೆ ಯಾರೂ ಸೊರಗಲ್ಲ. ಮೊಟ್ಟೆ ಮಾತ್ರ ಬಿಡಲಿಲ್ಲ.

ಹೊಟ್ಟೆಗೆ ಬಿಗಿ ಬೆಲ್ಟ್, ಎದೆಗೆ ತಂತಿ ಇಲ್ಲದ ಸರ್ಜಿಕಲ್ ಬ್ರಾ, ಆರು ವಾರ ಹಗಲು ರಾತ್ರಿ. ನಾನು ಮಾಡಿಸಿದ್ದು ಏಪ್ರಿಲ್‌ನಲ್ಲಿ, ಮಕ್ಕಳಿಗೆ ರಜೆ ಅಂತ. ಆ ಸೆಕೆಯಲ್ಲಿ ಬೆಲ್ಟಿನ ಒಳಗೆ ಬೆವರುಸಾಲೆ ಎದ್ದು ಒದ್ದಾಡಿದೆ. ನಿಮ್ಮದು ಜೂನ್, ಮಳೆಗಾಲ, ಅಷ್ಟು ಪುಣ್ಯ. ಆದರೆ ಬೆಲ್ಟ್ ಬೇಗ ಒಣಗಲ್ಲ, ಎರಡು ತೆಗೆದುಕೊಳ್ಳಿ.

ಕೆಲಸದ ವಿಷಯ. ಕೂತು ಮಾಡುವ ಕೆಲಸಕ್ಕೆ ಎರಡು, ಮೂರು ವಾರಕ್ಕೆ ಹೋಗಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಬ್ಯಾಂಕಿನಲ್ಲಿದ್ದೇನೆ, ನಾಲ್ಕು ವಾರ ರಜೆ ಹಾಕಿದೆ, ಐದನೇ ವಾರವೂ ಮಧ್ಯಾಹ್ನ ಮೂರಕ್ಕೆಲ್ಲ ಹೊಟ್ಟೆ ಬಿಗಿದು ಬರುತ್ತಿತ್ತು. ನಿಮಗೆ ಎರಡೇ ವಾರ ರಜೆ ಅಂದರೆ, ಇನ್ನೆರಡು ವಾರ ಮನೆಯಿಂದ ಕೆಲಸ ಮಾಡಲು ಈಗಲೇ ಕೇಳಿ. ಅದೂ ಆಗದಿದ್ದರೆ ದಿನಾಂಕ ಮುಂದೂಡಿ. ಸ್ಕೂಟರ್ ಆರು ವಾರ ಮುಟ್ಟಲಿಲ್ಲ. ಆಟೋದಲ್ಲಿ ಒಂದು ಹಂಪ್ ಹಾರಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಜೋರು ನಡಿಗೆ ಎರಡು ತಿಂಗಳಿಗೆ, ಹೊಟ್ಟೆಯ ವ್ಯಾಯಾಮ ಡಾಕ್ಟರ್ ಒಪ್ಪಿದ ಮೇಲೆ ಮೂರು ತಿಂಗಳಿಗೆ ಶುರು ಮಾಡಿದೆ.

ಮೂರನೇ ವಾರಕ್ಕೆ ಮನಸ್ಸು ಕುಗ್ಗುತ್ತದೆ, ಹೆದರಬೇಡಿ. ಊತ ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ. ಕನ್ನಡಿಯಲ್ಲಿ ಮೊದಲಿಗಿಂತ ದಪ್ಪ ಕಾಣುತ್ತಿದ್ದೆ. ಇಷ್ಟು ದುಡ್ಡು, ಇಷ್ಟು ನೋವು ಇದಕ್ಕಾ ಅಂತ ರಾತ್ರಿ ಒಬ್ಬಳೇ ಅತ್ತಿದ್ದೇನೆ. ಊತ ಮುಕ್ಕಾಲು ಭಾಗ ಇಳಿಯಲು ಮೂರು ತಿಂಗಳು, ಪೂರ್ತಿ ಹೋಗಲು ಒಂದು ವರ್ಷ ಬೇಕಾಯಿತು. ಕಲೆ ಮೊದಲು ಕೆಂಪಗಿದ್ದು, ನಮ್ಮ ಬಣ್ಣಕ್ಕೆ ಕಪ್ಪಗಾಗಿ, ಒಂದೂವರೆ ವರ್ಷಕ್ಕೆ ತೆಳುವಾಯಿತು. ಮಾಯವಾಗಲ್ಲ. ಕಿವಿ ಚುಚ್ಚಿಸಿದ ಕಡೆ ನಿಮಗೆ ಗಂಟು ಕಟ್ಟಿತ್ತಾ? ಹಾಗಿದ್ದರೆ ಸರ್ಜನ್‌ಗೆ ತಪ್ಪದೇ ತೋರಿಸಿ. ಅಂಥ ಚರ್ಮದಲ್ಲಿ ಇಲ್ಲೂ ಕಲೆ ಉಬ್ಬಬಹುದು.

ಇನ್ನು ಮದುವೆ. ಜೂನ್ ಮೊದಲ ವಾರ ಆದರೆ ಆಗಸ್ಟ್ ಕೊನೆಗೆ ಹನ್ನೆರಡು ವಾರ. ಎಲ್ಲಾ ಸರಿಹೋದರೆ ಆರಾಮಾಗಿ ಓಡಾಡುತ್ತೀರಿ, ಕುರ್ಚಿ ಎತ್ತಿ ಹಾಕುವ ಕೆಲಸ ಮಾತ್ರ ತಮ್ಮಂದಿರಿಗೆ ಬಿಡಿ. ಲಂಗದ ಲಾಡಿ ಕಲೆಯ ಮೇಲೇ ಕೂತು ಉಜ್ಜುತ್ತದೆ, ಅಗಲ ಪಟ್ಟಿಯ ಲಂಗ ಹೊಲಿಸಿ ಸ್ವಲ್ಪ ಮೇಲೆ ಕಟ್ಟಿ. ಕುಪ್ಪಸ ಈಗಲೇ ಹೊಲಿಸಬೇಡಿ, ಅಳತೆ ಪೂರ್ತಿ ಬದಲಾಗಿರುತ್ತದೆ. ಆಗಸ್ಟ್ ಎರಡನೇ ವಾರ ಅಳತೆ ಕೊಡಿ, ಆಗಲೂ ಸ್ವಲ್ಪ ಊತ ಇರುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲು ಟೈಲರ್‌ಗೆ ಹೇಳಿ.