ಕರ್ತೃಪದ ಎಲ್ಲಿ ಹೋಯಿತು, ಮೇಷ್ಟ್ರೇ?

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಫಿಲಿಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ ಅವರನ್ನು ವಿಮಾನ ಹತ್ತಿಸಿ ಹೇಗ್‌ಗೆ ಸಾಗಿಸಿದ್ದನ್ನು ನಿಮ್ಮ ಪತ್ರಿಕೆ ಮೆಚ್ಚಿ ಬರೆದದ್ದು ನೋಡಿ ಬೇಸರವಾಯಿತು. ಜನ ವೋಟು ಹಾಕಿ ಆರಿಸಿದವನನ್ನು, ಅವನ ಭಾಷೆಯೂ ಬಾರದ ನ್ಯಾಯಾಧೀಶರು ಎಲ್ಲೋ ಕೂತು ವಿಚಾರಿಸುವುದು ಯಾವ ನ್ಯಾಯ? ಮನೆಯ ಜಗಳವನ್ನು ಮನೆಯವರೇ ತೀರಿಸಿಕೊಳ್ಳಬೇಕು. ಬಲಿಷ್ಠ ದೇಶಗಳ ಕೂದಲನ್ನೂ ಕೊಂಕಿಸಲಾರದ ಈ ಕೋರ್ಟಿನಿಂದ ಸತ್ತವರಿಗೆ ಸಿಕ್ಕಿದ್ದಾದರೂ ಏನು? – ನಿವೃತ್ತ ಕನ್ನಡ ಶಿಕ್ಷಕ"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ದುಂಡಗಿನ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ, ಸಿಟ್ಟಿನಲ್ಲೂ ಒಂದು ಹದ. ಇಂಥ ಪತ್ರಕ್ಕೆ ನಾಲ್ಕು ಸಾಲು ಗೀಚಿ ಕೈತೊಳೆದುಕೊಂಡರೆ ನಿಮ್ಮನ್ನು ಅವಮಾನಿಸಿದ ಹಾಗೆ. ಅದೂ ಅಲ್ಲದೆ, ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು ಮತ್ತು ಅಂಥ ಇತರ ಕೋರ್ಟುಗಳ ಈ ವಿಷಯ ಮೂವತ್ತು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಉತ್ತರ ಉದ್ದವಾದರೆ ಸೈರಿಸಿಕೊಳ್ಳಿ.

ನೀವು ಹೇಳಿದ್ದರಲ್ಲಿ ಸತ್ಯವಿದೆ. ಎರಡನೇ ಮಹಾಯುದ್ಧದ ಬಳಿಕ ಜಪಾನಿನ ನಾಯಕರನ್ನು ವಿಚಾರಿಸಿದ ಟೋಕಿಯೊ ನ್ಯಾಯಮಂಡಳಿಯ ಹನ್ನೊಂದು ನ್ಯಾಯಾಧೀಶರಲ್ಲಿ ಒಬ್ಬರಾಗಿದ್ದ ನಮ್ಮ ದೇಶದ ರಾಧಾವಿನೋದ ಪಾಲ್ 1948ರಲ್ಲೇ, ಗೆದ್ದವರು ಸೋತವರನ್ನು ವಿಚಾರಿಸುವ ಪದ್ಧತಿಯನ್ನು ಒಪ್ಪದೆ, ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು ಭಿನ್ನ ತೀರ್ಪು ಬರೆದರು. ಡುಟೆರ್ಟೆ ವಿಷಯದಲ್ಲೂ, ಅವರ ನಂತರ ಅಧ್ಯಕ್ಷರಾದ ಮಾರ್ಕೋಸ್ ಅವರ ಮನೆತನಕ್ಕೂ ಅವರ ಮನೆತನಕ್ಕೂ ಸ್ನೇಹವಿದ್ದಷ್ಟು ಕಾಲ ಮನಿಲಾ ಸರ್ಕಾರ ಹೇಗ್‌ನ ಮಾತಿಗೆ ಕಿವಿಗೊಡಲಿಲ್ಲ. ಸ್ನೇಹ ಮುರಿದ ಮೇಲೆ, 2025ರ ಮಾರ್ಚ್ 11ರಂದು, ವಿಮಾನ ನಿಲ್ದಾಣದಲ್ಲೇ ಹಿಡಿದು ಅದೇ ರಾತ್ರಿ ಕಳಿಸಿಕೊಟ್ಟಿತು. ರಾಜಕೀಯದ ಗಾಳಿ ಬೀಸದೆ ಆ ಬಾಗಿಲು ತೆರೆಯುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳುತ್ತೇನೆ.

"ಮನೆಯ ಜಗಳ" ಎಂದಿರಲ್ಲ, ನನ್ನ ಮನಸ್ಸು ಅಲ್ಲಿ ನಿಂತುಬಿಟ್ಟಿತು. ಜಗಳವೆಂದರೆ ಇಬ್ಬರೂ ಕೈಯೆತ್ತಬಲ್ಲವರ ನಡುವಿನದು. ಡುಟೆರ್ಟೆ ಸಾರಿದ ಮಾದಕ ವಸ್ತುಗಳ ವಿರುದ್ಧದ ಸಮರದಲ್ಲಿ ಪೊಲೀಸರು ಕೊಂದವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲೇ 6,000 ದಾಟುತ್ತದೆ. ಅಷ್ಟು ಸಾವಿಗೆ ಆ ದೇಶದ ಕೋರ್ಟುಗಳಲ್ಲಿ ಶಿಕ್ಷೆಯಾದದ್ದು ಬೆರಳೆಣಿಕೆಯ ಪೊಲೀಸರಿಗೆ. ಯಜಮಾನನೇ ಒಳಗಿನಿಂದ ಚಿಲಕ ಹಾಕಿಕೊಂಡು ಕೊಲ್ಲುತ್ತಿರುವಾಗ ಹೊರಗಿನವನು ಬಾಗಿಲು ಬಡಿದರೆ ಅದು ಅಧಿಕಪ್ರಸಂಗವೇ ಮೇಷ್ಟ್ರೇ? ಬೇಲಿಯೇ ಹೊಲ ಮೇಯ್ದಾಗ ಯಾರಿಗೆ ದೂರಬೇಕು?

ಮನೆಯವರೇ ತೀರಿಸಿಕೊಳ್ಳಲಿ ಎಂಬುದನ್ನು ಜಗತ್ತು ಮಾಡಿ ನೋಡಿದೆ. ಮೊದಲ ಮಹಾಯುದ್ಧ ಮುಗಿದಾಗ ಗೆದ್ದ ದೇಶಗಳು ಸುಮಾರು 900 ಜರ್ಮನರನ್ನು ಒಪ್ಪಿಸಿ ಎಂದು ಪಟ್ಟಿ ಕೊಟ್ಟವು. ಬರ್ಲಿನ್ ಒಪ್ಪಲಿಲ್ಲ, ನಮ್ಮವರನ್ನು ನಾವೇ ವಿಚಾರಿಸುತ್ತೇವೆ ಎಂದಿತು. 1921ರಲ್ಲಿ ಲೈಪ್‌ಜಿಗ್‌ನಲ್ಲಿ ವಿಚಾರಣೆಗೆ ನಿಂತವರನ್ನು ಬೆರಳಲ್ಲೇ ಎಣಿಸಬಹುದಿತ್ತು. ಆಸ್ಪತ್ರೆ ಹಡಗೊಂದನ್ನು ಮುಳುಗಿಸಿ, ದೋಣಿಗಳಲ್ಲಿ ಜೀವ ಉಳಿಸಿಕೊಂಡವರ ಮೇಲೂ ಗುಂಡು ಹಾರಿಸಿದ ಜಲಾಂತರ್ಗಾಮಿಯ ಇಬ್ಬರು ಅಧಿಕಾರಿಗಳಿಗೆ ನಾಲ್ಕು ನಾಲ್ಕು ವರ್ಷ ಶಿಕ್ಷೆಯಾಯಿತು. ಇಬ್ಬರೂ ಜೈಲಿನಿಂದ ತಪ್ಪಿಸಿಕೊಂಡರು. ಇನ್ನು ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್. ಅವನನ್ನು ವಿಚಾರಣೆಗೆ ಒಳಪಡಿಸಬೇಕೆಂದು ವರ್ಸೈ ಒಪ್ಪಂದದ 227ನೇ ವಿಧಿಯೇ ಹೇಳಿತ್ತು. ಓಡಿಬಂದವನಿಗೆ ಆಶ್ರಯ ಕೊಟ್ಟ ದೇಶ ಅವನನ್ನು ಬಿಟ್ಟುಕೊಡಲಿಲ್ಲ, ಅವನು 1941ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ಡೋರ್ನ್ ಎಂಬಲ್ಲಿ ನೆಮ್ಮದಿಯಾಗಿದ್ದ. ಆ ದೇಶ ನೆದರ್‌ಲ್ಯಾಂಡ್ಸ್. ಹೇಗ್ ಇರುವುದೂ ಅಲ್ಲಿಯೇ. ದೇಶಗಳು ಬದಲಾಗಬಲ್ಲವು ಎಂಬ ನನ್ನ ನಂಬಿಕೆಗೆ ಇದೂ ಒಂದು ಕಾರಣ.

ಕೆನ್ಯಾದ ಕಥೆಯನ್ನು ನೀವು ಪೂರ್ತಿಯಾಗಿ ಕೇಳಲೇಬೇಕು. 2007ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆಯಿತು. ಅದರ ಬೆನ್ನಿಗೇ ಎದ್ದ ಗುಂಪುಗಳೂ ಪೊಲೀಸರೂ ಸೇರಿ 1,100ಕ್ಕೂ ಹೆಚ್ಚು ಜನರನ್ನು ಕೊಂದರು. ಒಬ್ಬ ನ್ಯಾಯಮೂರ್ತಿಯ ನೇತೃತ್ವದ ತನಿಖಾ ಆಯೋಗ, ಮುಖ್ಯ ಶಂಕಿತರ ಹೆಸರು ಬರೆದು ಲಕೋಟೆಗೆ ಮೊಹರು ಹಾಕಿ, ಸಂಧಾನಕಾರ ಕೋಫಿ ಅನ್ನಾನ್ ಕೈಗಿಟ್ಟಿತು. ದೇಶದೊಳಗೇ ವಿಶೇಷ ನ್ಯಾಯಮಂಡಳಿ ಮಾಡಿಕೊಳ್ಳಿ, ಆಗದಿದ್ದರೆ ಈ ಲಕೋಟೆ ಹೇಗ್‌ಗೆ ಹೋಗುತ್ತದೆ ಎಂಬುದು ಷರತ್ತು. ನೀವು ಕೇಳುತ್ತಿರುವುದೂ ಇದೇ ತಾನೆ? ಆ ಅವಕಾಶ ಕೆನ್ಯಾದ ಕೈಯಲ್ಲಿತ್ತು. 2009ರ ಫೆಬ್ರುವರಿಯಲ್ಲಿ ಸಂಸತ್ತು ಆ ಮಸೂದೆಯನ್ನು ಬೀಳಿಸಿತು. ಗೊಂದಲ ಬೇಡ, ಹೇಗ್‌ಗೇ ನಡೆಯಿರಿ ಎಂಬ ಅರ್ಥದ ಪ್ರಾಸಬದ್ಧ ಘೋಷಣೆ ಆ ದಿನಗಳಲ್ಲಿ ಎಲ್ಲರ ಬಾಯಲ್ಲಿತ್ತು. ಹೇಗ್ ದೂರವಿದೆ, ಅದು ಮೈಗೆ ತಾಕುವುದಿಲ್ಲ ಎಂದೇ ಹಲವು ಸಂಸದರು ಎಣಿಸಿದ್ದರೆಂದು ನನ್ನ ಗುಮಾನಿ. 2010ರ ಡಿಸೆಂಬರ್‌ನಲ್ಲಿ ಹೇಗ್‌ನ ಪ್ರಾಸಿಕ್ಯೂಟರ್ ಆರು ಜನರ ಹೆಸರು ಓದಿದರು. ಒಂದೇ ವಾರದಲ್ಲಿ ಅದೇ ಸಂಸತ್ತು, ಆ ಕೋರ್ಟನ್ನು ಹುಟ್ಟಿಸಿದ ರೋಮ್ ಒಪ್ಪಂದದಿಂದಲೇ ಹೊರಬರಬೇಕೆಂದು ನಿರ್ಣಯ ಮಾಡಿತು. ನಿನ್ನೆಯವರೆಗೆ ಬೇಕಾಗಿದ್ದ ಹೇಗ್ ಒಂದೇ ರಾತ್ರಿಯಲ್ಲಿ ವಸಾಹತುಶಾಹಿ ಕೋರ್ಟ್ ಆಯಿತು!

ಆರೋಪಿಗಳಾದ ಉಹುರು ಕೆನ್ಯಾಟ್ಟಾ, ವಿಲಿಯಂ ರುಟೊ ಇಬ್ಬರೂ ಜೊತೆಗೂಡಿ 2013ರ ಚುನಾವಣೆ ಗೆದ್ದರು, ಒಬ್ಬರು ಅಧ್ಯಕ್ಷ, ಇನ್ನೊಬ್ಬರು ಉಪಾಧ್ಯಕ್ಷ. ಆಮೇಲೆ ಸಾಕ್ಷಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೇಳಿದ ದಾಖಲೆಗಳನ್ನು ಸರ್ಕಾರ ಕೊಡಲಿಲ್ಲ. 2014ರ ಡಿಸೆಂಬರ್‌ನಲ್ಲಿ ಪ್ರಾಸಿಕ್ಯೂಟರ್ ಫಾಟೂ ಬೆನ್ಸೂದಾ ಅಧ್ಯಕ್ಷರ ಮೇಲಿನ ಮೊಕದ್ದಮೆಯನ್ನೇ ಹಿಂತೆಗೆದುಕೊಳ್ಳಬೇಕಾಯಿತು. 2016ರಲ್ಲಿ ಉಪಾಧ್ಯಕ್ಷರ ಮೊಕದ್ದಮೆಯೂ ಮುರಿದುಬಿತ್ತು. ಕೋರ್ಟು ರುಟೊರನ್ನು ನಿರ್ದೋಷಿ ಎನ್ನಲಿಲ್ಲ, ಮೊಕದ್ದಮೆಯನ್ನು ಕೈಬಿಟ್ಟಿತಷ್ಟೆ. ಈಗ ಹೇಳಿ, ಇಲ್ಲಿ ಹೊರಗಿನವರು ಮನೆಯವರನ್ನು ತುಳಿದರೋ, ಮನೆಯ ದೊಡ್ಡವರೇ ಮನೆಯ ಬಡವರನ್ನು ಎರಡು ಸಲ ತುಳಿದರೋ?

ಬಲಿಷ್ಠ ದೇಶಗಳ ಮಾತಿಗೆ ಬರೋಣ. ಇಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು. ಅಮೆರಿಕ 2002ರಲ್ಲಿ ಒಂದು ಕಾನೂನು ಮಾಡಿಕೊಂಡಿತು: ತನ್ನ ಸೈನಿಕನನ್ನು ಹೇಗ್ ಹಿಡಿದಿಟ್ಟರೆ ಬಿಡಿಸಿಕೊಳ್ಳಲು ಅಧ್ಯಕ್ಷರು ಅಗತ್ಯವಾದ ಯಾವ ಮಾರ್ಗವನ್ನಾದರೂ ಬಳಸಬಹುದು. ಜನ ಅದಕ್ಕೆ 'ಹೇಗ್ ಆಕ್ರಮಣ ಕಾಯ್ದೆ' ಎಂದೇ ಹೆಸರಿಟ್ಟರು. ಅಫ್ಘಾನಿಸ್ತಾನದಲ್ಲಿ ಅಮೆರಿಕನ್ನರ ನಡವಳಿಕೆಯನ್ನೂ ತನಿಖೆ ಮಾಡಹೊರಟ ಬೆನ್ಸೂದಾ ಮೇಲೆ 2020ರಲ್ಲಿ ನಿರ್ಬಂಧ ಹೇರಿತು. ನೆತನ್ಯಾಹು ವಿರುದ್ಧ 2024ರ ನವೆಂಬರ್‌ನಲ್ಲಿ ಬಂಧನ ವಾರಂಟ್ ಬಂದ ಮೇಲೆ, 2025ರಲ್ಲಿ ಪ್ರಾಸಿಕ್ಯೂಟರ್ ಕರೀಂ ಖಾನ್ ಮೇಲೂ ಹಲವು ನ್ಯಾಯಾಧೀಶರ ಮೇಲೂ ಅದೇ ಅಸ್ತ್ರ ಬಿಟ್ಟಿತು. ಪುಟಿನ್ ವಿರುದ್ಧ 2023ರಲ್ಲಿ ವಾರಂಟ್ ಬಂದಾಗ ರಷ್ಯಾ ಮಾಡಿದ್ದೇನು? ಅದೇ ಕರೀಂ ಖಾನ್‌ರನ್ನು ತನ್ನ ಬೇಕಾದವರ ಪಟ್ಟಿಗೆ ಸೇರಿಸಿತು. ವಾಷಿಂಗ್ಟನ್ನಿಗೂ ಮಾಸ್ಕೋಗೂ ಉಳಿದೆಲ್ಲದರಲ್ಲೂ ಎಣ್ಣೆ ಸೀಗೆಕಾಯಿ ಸಂಬಂಧ, ಈ ಒಂದು ಮಾತಿನಲ್ಲಿ ಮಾತ್ರ ಒಮ್ಮತ. ಹೇಗ್ ವಾರಂಟ್ ಹೊರಡಿಸಿದ್ದ ಸುಡಾನಿನ ಆಗಿನ ಅಧ್ಯಕ್ಷ ಬಶೀರ್ ಹೇಳಿದ್ದು, ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಿಂದ ಆಳಿದ ಮಿಲೊಸೆವಿಚ್ ಹೇಳಿದ್ದು, ನೈರೋಬಿಯ ಸಂಸದರು ಹೇಳಿದ್ದು, ಅಮೆರಿಕದ ಸೆನೆಟರುಗಳು ಹೇಳಿದ್ದು, ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಓದಿ. ದೇಶದ ಹೆಸರು ಅಳಿಸಿಬಿಟ್ಟರೆ ಯಾವುದು ಯಾರದೆಂದು ಗುರುತಿಸಲಾರಿರಿ. ಸಾರ್ವಭೌಮತ್ವ ಎಂಬ ಆ ಪದ ಪ್ರತಿ ಸಲವೂ ಹೊರಡುವುದು ಕುರ್ಚಿಯಿಂದ. ಮಗನ ಮೂಳೆ ಹುಡುಕುತ್ತಿರುವ ತಾಯಿಯ ಬಾಯಿಂದ ಆ ಪದ ಬಂದದ್ದನ್ನು ನಾನು ಎಲ್ಲೂ ಓದಿಲ್ಲ. ಹಾಗಾಗಿ ಬಲಿಷ್ಠರು ತಪ್ಪಿಸಿಕೊಂಡರು ಎಂಬುದು ಕೋರ್ಟನ್ನು ಮುಚ್ಚಲು ಕಾರಣವಲ್ಲ, ಅದರ ಕೈ ಉದ್ದ ಮಾಡಲು ಕಾರಣ.

ಆ ಕೈ ಎಷ್ಟು ಮೋಟು ಎಂಬುದನ್ನೂ ಹೇಳಬೇಕು. ಹೇಗ್‌ಗೆ ಒಬ್ಬನೇ ಒಬ್ಬ ಪೊಲೀಸ್ ಪೇದೆ ಇಲ್ಲ. 2015ರ ಜೂನ್‌ನಲ್ಲಿ ಬಶೀರ್ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಪ್ರಿಟೋರಿಯಾದ ಹೈಕೋರ್ಟ್ ಅವರನ್ನು ದೇಶ ಬಿಡಲು ಬಿಡಬಾರದೆಂದು ಆದೇಶಿಸಿತ್ತು. ಕೋರ್ಟಿನ ಕಲಾಪ ನಡೆಯುತ್ತಿದ್ದಾಗಲೇ ಅವರು ವಾಯುಪಡೆಯ ನೆಲೆಯಿಂದ ಹಾರಿಹೋದರು. ಅಲ್ಲಿ ಸರ್ಕಾರ ಧಿಕ್ಕರಿಸಿದ್ದು ಹೇಗ್ ಒಂದನ್ನೇ ಅಲ್ಲ, ತನ್ನದೇ ನೆಲದ ನ್ಯಾಯಾಧೀಶರನ್ನೂ.

"ಭಾಷೆ ಬಾರದ ನ್ಯಾಯಾಧೀಶರು" ಎಂಬ ನಿಮ್ಮ ಮಾತಿಗೆ, ಭಾಷೆ ಕಲಿಸಿದ ನಿಮಗೆ ಇಷ್ಟವಾಗಬಹುದಾದ ಒಂದು ಸಂಗತಿ ಹೇಳುತ್ತೇನೆ. ರುವಾಂಡಾ ನರಮೇಧದ ವಿಚಾರಣೆ ನಡೆದದ್ದು ತಾಂಜಾನಿಯಾದ ಅರೂಷಾದಲ್ಲಿ, ವಿಶ್ವಸಂಸ್ಥೆಯ ನ್ಯಾಯಮಂಡಳಿಯ ಮುಂದೆ. ಅಕಾಯೆಸು ಎಂಬ ಮೇಯರ್‌ನ ಮೊಕದ್ದಮೆಯಲ್ಲಿ ಮೂವರು ನ್ಯಾಯಾಧೀಶರಿಗೂ ಕಿನ್ಯರ್‌ವಾಂಡಾ ಭಾಷೆ ಬರುತ್ತಿರಲಿಲ್ಲ. ಅವರು ಒಬ್ಬ ಭಾಷಾತಜ್ಞರನ್ನು ಕರೆಸಿದರು. ಜಿರಲೆ ಎಂಬ ಅರ್ಥದ 'ಇನ್ಯೆಂಜಿ' ಪದ ಯಾವಾಗ, ಯಾರ ಬಾಯಲ್ಲಿ, ಯಾರನ್ನು ಸೂಚಿಸುತ್ತಿತ್ತು, ಅತ್ಯಾಚಾರವನ್ನು ಸಾಕ್ಷಿ ಹೆಂಗಸರು ಯಾವ ಯಾವ ಮಾತಿನಲ್ಲಿ ಮರೆಮಾಚಿ ಹೇಳುತ್ತಿದ್ದರು ಎಂದೆಲ್ಲ ಬಿಡಿಸಿ ಬಿಡಿಸಿ ಕೇಳಿ, ಅದನ್ನು ತೀರ್ಪಿನಲ್ಲೇ ಬರೆದರು. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಪ್ರಸ್ತಾಪವೇ ಇರಲಿಲ್ಲ. ಸಾಕ್ಷಿಕಟ್ಟೆಯಲ್ಲಿ ಹೆಂಗಸರು ಬಾಯಿಬಿಟ್ಟ ಮೇಲೆ ಅದು ಸೇರಿತು. 1998ರ ಸೆಪ್ಟೆಂಬರ್ 2ರಂದು, ಅತ್ಯಾಚಾರವೂ ನರಮೇಧದ ಅಸ್ತ್ರವಾಗಬಲ್ಲದು ಎಂದು ಮೊದಲ ಬಾರಿಗೆ ಒಂದು ಕೋರ್ಟು ತೀರ್ಪು ಕೊಟ್ಟಿತು. ಒಂದು ಪದಕ್ಕಾಗಿ ಅಷ್ಟು ಹೊತ್ತು ಕೂತು ಕೇಳಿದವರನ್ನು ಭಾಷೆ ಬಾರದವರೆಂದು ನಾನು ಹೇಗೆ ಕರೆಯಲಿ?

ಈಗ ನಿಮ್ಮ ಕೊನೆಯ ಪ್ರಶ್ನೆ. ಇದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

1995ರ ಜುಲೈ. ನಾನು ಆಗ ಇನ್ನೂ ಎಳೆಯ ಉಪಸಂಪಾದಕ, ರಾತ್ರಿ ಪಾಳಿ. ಬೋಸ್ನಿಯಾದ ಸ್ರೆಬ್ರೆನಿಟ್ಸಾ ಎಂಬ ಊರಿನ ಸುದ್ದಿ ಬಂತು. ಒಳಪುಟದಲ್ಲಿ ಒಂದು ಕಾಲಂ ಜಾಗವಿತ್ತು. "ಸ್ರೆಬ್ರೆನಿಟ್ಸಾ ಪತನ" ಎಂದು ಶೀರ್ಷಿಕೆ ಕೊಟ್ಟೆ. ಕೆಲವು ದಿನಗಳ ಬಳಿಕ "ಸಾವಿರಾರು ಮಂದಿ ಕಾಣೆ" ಎಂದು ಇನ್ನೊಂದು. ಎರಡನ್ನೂ ಬರೆದು ಚಹಾ ಕುಡಿಯಲು ಎದ್ದುಹೋದೆ. ವರ್ಷಗಳಾದ ಮೇಲೆ, ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗಾಗಿ ವಿಶ್ವಸಂಸ್ಥೆ ಹೇಗ್‌ನಲ್ಲೇ ಕೂರಿಸಿದ್ದ ಇನ್ನೊಂದು ನ್ಯಾಯಮಂಡಳಿಯ ತೀರ್ಪುಗಳನ್ನು ಓದಲು ಕೂತಾಗ ಆ ಎರಡು ಶೀರ್ಷಿಕೆಗಳು ನನ್ನನ್ನು ಚುಚ್ಚಿದವು. ಊರು ತಾನಾಗಿ ಬೀಳಲಿಲ್ಲ, ಜನ ತಾವಾಗಿ ಕಾಣೆಯಾಗಲಿಲ್ಲ. ಬೋಸ್ನಿಯನ್ ಸರ್ಬ್ ಸೇನೆ 8,000ದಷ್ಟು ಗಂಡಸರನ್ನೂ ಹುಡುಗರನ್ನೂ ಬಸ್ಸುಗಳಲ್ಲಿ ಸಾಗಿಸಿ ಗುಂಡಿಕ್ಕಿ ಕೊಂದಿತ್ತು. ಆಮೇಲೆ ಯಂತ್ರಗಳಿಂದ ಗುಂಡಿಗಳನ್ನು ಬಗೆದು ಹೆಣಗಳನ್ನು ಬೇರೆ ಬೇರೆ ಕಡೆ ಹೂತಿತ್ತು. ಒಬ್ಬನೇ ಮನುಷ್ಯನ ಮೂಳೆಗಳು ಎರಡು ಮೂರು ಗುಂಡಿಗಳಲ್ಲಿ ಸಿಕ್ಕವು. ಡಿಎನ್‌ಎ ಪರೀಕ್ಷೆಯಿಂದ ಇವತ್ತಿಗೆ ಸುಮಾರು 7,000 ಜನರ ಗುರುತು ಪತ್ತೆಯಾಗಿದೆ.

ಇದೆಲ್ಲ ಹೊರಬಂದದ್ದು ಹೇಗೆ? ಗುಂಡು ಹಾರಿಸಿದವರಲ್ಲಿ ಒಬ್ಬನಾದ ಎರ್ಡೆಮೊವಿಚ್ ಎಂಬ ಯುವಕ 1996ರಲ್ಲಿ ಹೇಗ್‌ನಲ್ಲಿ ತಪ್ಪೊಪ್ಪಿಕೊಂಡ. ಆ ಸೇನೆಯ ಜನರಲ್ ಕ್ರಿಸ್ಟಿಚ್ ವಿಚಾರಣೆಯಲ್ಲಿ 2000ನೇ ಇಸವಿಯಲ್ಲಿ ಒಬ್ಬ ತಾಯಿ ಸಾಕ್ಷಿ ಹೇಳಿದಳು. ಸೈನಿಕರು ಅವಳ ಕಿರಿಯ ಮಗನನ್ನು ಅವಳ ಕೈಯಿಂದಲೇ ಕಿತ್ತುಕೊಂಡಿದ್ದರು. ಸಾಕ್ಷ್ಯ ಮುಗಿದ ಮೇಲೆ, ಇನ್ನೇನಾದರೂ ಹೇಳುವುದಿದೆಯೇ ಎಂದಾಗ ಅವಳು ಬೇಡಿಕೊಂಡದ್ದು ಒಂದೇ: ಆ ಮಗು ಬದುಕಿರುವ ಆಸೆ ಏನಾದರೂ ಇದೆಯೇ, ಆ ಜನರಲ್‌ನನ್ನು ಕೇಳಿ ಹೇಳುತ್ತೀರಾ? ಮಗ ಕನಸಿನಲ್ಲಿ ಬರುತ್ತಾನೆ ಎಂದಳು. ಅವಳ ಮುಂದೆ ಆ ಜನರಲ್ ಕೂತಿದ್ದ. ಜಗತ್ತಿನ ಇನ್ಯಾವ ಕೋಣೆಯಲ್ಲಿ ಅವಳು ಅವನಿಗೆ ಆ ಪ್ರಶ್ನೆ ಕೇಳಬಹುದಿತ್ತು? ಬೆಲ್‌ಗ್ರೇಡ್‌ನಲ್ಲೇ? ಅಲ್ಲಿ ಮಿಲೊಸೆವಿಚ್‌ನನ್ನು 2001ರಲ್ಲಿ ಹೇಗ್‌ಗೆ ಕಳಿಸಿದ ಪ್ರಧಾನಿ ಜೊರಾನ್ ಜಿಂಜಿಚ್‌ರನ್ನು ಎರಡು ವರ್ಷವಾಗುವುದರೊಳಗೆ ಹಂತಕರು ಗುಂಡಿಟ್ಟು ಕೊಂದರು. ಸಂಚು ಹೂಡಿದವನು ವಿಶೇಷ ಪೊಲೀಸ್ ದಳದ ಮಾಜಿ ಕಮಾಂಡರ್. ಮನೆಯೊಳಗೆ ನ್ಯಾಯ ಕೇಳಿದರೆ ತೆರಬೇಕಾಗಿದ್ದ ಬೆಲೆ ಅದು.

ಆದರೂ ಹೇಗ್ ತಟ್ಟಿದ್ದರಿಂದ ಆ ಮನೆಯ ಬಾಗಿಲು ಒಂದಿಷ್ಟು ತೆರೆಯಿತು. 2005ರ ಜೂನ್‌ನಲ್ಲಿ ಮಿಲೊಸೆವಿಚ್ ವಿಚಾರಣೆಯಲ್ಲಿ ಒಂದು ವಿಡಿಯೊ ತೋರಿಸಿದರು. 'ಸ್ಕಾರ್ಪಿಯನ್ಸ್' ಎಂಬ ಪಡೆಯವರು ಸ್ರೆಬ್ರೆನಿಟ್ಸಾದ ಆರು ಮಂದಿಯನ್ನು ಕೊಲ್ಲುವ ದೃಶ್ಯ, ಚಿತ್ರೀಕರಿಸಿದವರೂ ಅವರೇ. ಸರ್ಬಿಯಾದ ಟಿವಿಗಳೂ ಅದನ್ನು ಪ್ರಸಾರ ಮಾಡಿದವು. ಕೂಡಲೇ ಬಂಧನಗಳಾದವು, 2007ರಲ್ಲಿ ಬೆಲ್‌ಗ್ರೇಡ್‌ನ ಕೋರ್ಟೇ ಶಿಕ್ಷೆ ಕೊಟ್ಟಿತು. ನೋಡಿ, ನಿಮ್ಮ ಆಸೆಯೂ ಅಲ್ಲಿ ಕೈಗೂಡಿತು.

ತರಗತಿಯಲ್ಲಿ ನೀವು ಎಷ್ಟು ಸಲ ಹೇಳಿಕೊಟ್ಟಿರುತ್ತೀರಿ: ರಾಮನು ರಾವಣನನ್ನು ಕೊಂದನು, ಇದು ಕರ್ತರಿ ಪ್ರಯೋಗ. ರಾವಣನು ರಾಮನಿಂದ ಕೊಲ್ಲಲ್ಪಟ್ಟನು, ಇದು ಕರ್ಮಣಿ. ನಮ್ಮ ಸುದ್ದಿಗಳು ಮೂರನೆಯ ಪ್ರಯೋಗವೊಂದನ್ನು ಹುಟ್ಟಿಸಿಕೊಂಡಿವೆ, ಅದರಲ್ಲಿ ರಾಮನೇ ಇಲ್ಲ. "ಹಿಂಸೆ ಭುಗಿಲೆದ್ದಿತು", "ಪರಿಸ್ಥಿತಿ ಕೈಮೀರಿತು", "ನೂರಾರು ಮಂದಿ ಸಾವಿಗೀಡಾದರು". ಹಿಂಸೆ ತಾನೇ ಏಳುತ್ತದೆಯೇ? ಪರಿಸ್ಥಿತಿ ಯಾರ ಕೈ ಮೀರಿತು? ಸರ್ಕಾರಿ ವಕ್ತಾರ ಹೀಗೆ ಬರೆದರೆ ಅದು ಅವನ ಹೊಟ್ಟೆಪಾಡು ಎನ್ನೋಣ. ಪತ್ರಿಕೆಯವರು ಅದನ್ನೇ ಎತ್ತಿ ಅಚ್ಚು ಮಾಡುತ್ತೇವೆ, ಓದುಗರು ಓದಿ ಪುಟ ತಿರುಗಿಸುತ್ತಾರೆ, ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಚರಿತ್ರೆ ಎಂದು ಬರೆಯುತ್ತಾರೆ. ಹೇಗ್‌ನ ತೀರ್ಪುಗಳು ಓದಲು ಬಲು ಒಣ, ನೂರಾರು ಪುಟ, ಸಾವಿರಾರು ಅಡಿಟಿಪ್ಪಣಿ. ಆದರೆ ಅಲ್ಲಿ ಪ್ರತಿ ವಾಕ್ಯಕ್ಕೂ ಕರ್ತೃಪದವಿದೆ. ಯಾವ ದಿನ, ಯಾವ ಗದ್ದೆಯಲ್ಲಿ, ಯಾರ ಆಜ್ಞೆಯಂತೆ, ಯಾರು ಕೊಂದರು ಎಂದು ಬರೆದಿದೆ. ಕೊಲೆಯಾದವರಿಗೆ ಸಿಕ್ಕಿದ್ದು ಅದು ಮೇಷ್ಟ್ರೇ. ಕಡಿಮೆಯೇ, ಒಪ್ಪುತ್ತೇನೆ. ಅಷ್ಟನ್ನೂ ಅವರಿಗೆ ಅವರ ಸರ್ಕಾರ ಕೊಟ್ಟಿರಲಿಲ್ಲ, ನನ್ನ ಆ ಎರಡು ಶೀರ್ಷಿಕೆಗಳೂ ಕೊಟ್ಟಿರಲಿಲ್ಲ.

ಇನ್ನು ಮುಂದೆ ನಮ್ಮ ಯಾವ ಪುಟದಲ್ಲಾದರೂ ಜನ ಕರ್ತೃವಿಲ್ಲದೆ ಸತ್ತದ್ದು ಕಂಡರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ನನಗೇ ಕಳಿಸಿ. ನಿಮ್ಮ ಪತ್ರದ ಕೊನೆಯ ಸಾಲಿನಲ್ಲೂ "ಸತ್ತವರಿಗೆ" ಎಂದಿದೆ. ಅಚ್ಚಿಗೆ ಕೊಡುವಾಗ ನನ್ನ ಪೆನ್ನು ಅಲ್ಲಿ ನಿಂತಿತು. ಓದುಗರ ಪತ್ರವನ್ನು ತಿದ್ದುವ ಹಕ್ಕು ನನಗಿಲ್ಲವೆಂದು ಹಾಗೆಯೇ ಬಿಟ್ಟಿದ್ದೇನೆ. ನೀವೇ ತಿದ್ದಿ ಬರೆದರೆ ಮುಂದಿನ ಸಂಚಿಕೆಯಲ್ಲಿ ಆ ಪತ್ರಕ್ಕೆ ಜಾಗ ಇಟ್ಟಿರುತ್ತೇನೆ.