ಸಹವಾಸದೋಷ ಎನ್ನುವ ಮೊದಲು

ಮಾನ್ಯ ಶಿಕ್ಷಕಿಯವರೇ,

ನಿಮ್ಮ ಒಂಬತ್ತನೆಯ ತರಗತಿಯ ಮೂವರು ಹುಡುಗರು ದಸರೆ ರಜೆ ಮುಗಿದರೂ ಮರಳದೆ, ತಮ್ಮ ಓಣಿಯ ಹಿರಿಯ ಗೆಳೆಯನ ಜತೆ ಸೆಂಟ್ರಿಂಗ್ ಕೆಲಸಕ್ಕೆ ಬೆಂಗಳೂರಿಗೆ ಹೋದರೆಂದು ಸಿಂಧನೂರು ತಾಲ್ಲೂಕಿನಿಂದ ಬರೆದಿದ್ದೀರಿ. ನಾಲ್ಕನೆಯವನೂ ಹೊರಡುವ ಮಾತಾಡುತ್ತಿದ್ದಾನೆ. ಇದು ಸಹವಾಸದೋಷವಾದ್ದರಿಂದ ಅವನ ಗೆಳೆತನ ಬಿಡಿಸುವಂತೆ ತಂದೆತಾಯಿಗೆ ಹೇಳಲೇ ಎಂದು ಕೇಳಿದ್ದೀರಿ.

ಓರಗೆಯವರ ಸೆಳೆತ ಬಲವಾದದ್ದು ನಿಜ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಬ್ಬರೇ ಆಡಿದಾಗಿನದಕ್ಕಿಂತ ಓರಗೆಯವರ ಎದುರು ಆಡಿದಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು. ಆದರೆ ಗುಂಪು ಕೂಡಿದ್ದು ಹೇಗೆಂಬುದನ್ನೂ ನೋಡಬೇಕು. ಅಲ್ಲಿಯವರೇ ಆದ ರಾಬರ್ಟ್ ಕೇರ್ನ್ಸ್ ಮತ್ತು ಸಂಗಡಿಗರು ಏಳನೆಯ ತರಗತಿಯಿಂದ ಹಲವು ವರ್ಷ ಮಕ್ಕಳನ್ನು ಗಮನಿಸಿ 1989ರಲ್ಲಿ ಬರೆದಂತೆ, ಮುಂದೆ ಶಾಲೆ ಬಿಟ್ಟವರು ತಮ್ಮಂತೆಯೇ ಶಾಲೆ ಬಿಡುವ ಅಂಚಿನಲ್ಲಿದ್ದವರೊಂದಿಗೆ ಕೂಡಿಕೊಂಡಿದ್ದರು.

ನಮ್ಮ ಶಾಲೆಗಳಲ್ಲಿ ಆ ಗುಂಪನ್ನು ಎಷ್ಟೋ ಸಲ ನಾವೇ ಕಟ್ಟಿಕೊಡುತ್ತೇವೆ. ಓದಲು ತಡವರಿಸುವವರನ್ನೆಲ್ಲ ಕೊನೆಯ ಬೆಂಚಿಗೆ ಕೂರಿಸುತ್ತೇವೆ, ವರ್ಷವಿಡೀ ಒಂದು ಪ್ರಶ್ನೆಯನ್ನೂ ಅವರಿಗೆ ಕೇಳುವುದಿಲ್ಲ. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ; ಅಂಥ ಹುಡುಗನಿಗೆ, ಜಾತ್ರೆಗೆ ಹೊಸ ಮೊಬೈಲ್ ಹಿಡಿದು ಬಂದು ತಾಯಿಯ ಕೈಗೆ ದುಡ್ಡು ಕೊಟ್ಟ ಗೆಳೆಯನಲ್ಲಿ, ತರಗತಿಯಲ್ಲಿ ತನಗೆಂದೂ ಸಿಗದ ಮರ್ಯಾದೆ ಕಾಣುತ್ತದೆ ಎಂಬುದನ್ನು ನೆನಪಿಸುತ್ತಿದ್ದೇನೆ. ಉಚಿತ, ಕಡ್ಡಾಯ ಶಿಕ್ಷಣದ 2009ರ ಕಾಯ್ದೆಯ ಆಸರೆಯೂ 14ರ ವಯಸ್ಸಿಗೆ, ಸರಿಯಾಗಿ ಈ ಹೊತ್ತಿಗೇ, ಮುಗಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಗೆಳೆತನವೇ ಶಾಲೆಯ ದಾರಿಯಾಗಿರುತ್ತದೆ. ಪಕ್ಕದೂರಿನ ಪ್ರೌಢಶಾಲೆಗೆ ಜತೆಯಲ್ಲಿ ನಡೆಯುತ್ತಿದ್ದವಳ ಮದುವೆ ಮಾಡಿಬಿಟ್ಟರೆ, ಉಳಿದವಳನ್ನು ಒಂಟಿಯಾಗಿ ಕಳಿಸಲು ಮನೆಯವರು ಹಿಂಜರಿಯುತ್ತಾರೆ.

ಆದ್ದರಿಂದ ನಾಲ್ಕನೆಯವನ ಗೆಳೆತನ ಬಿಡಿಸಬೇಡಿ. ಆ ಮೂವರ ಸುದ್ದಿ ನಿಮಗೆ ಸಿಗುವುದು ಅವನಿಂದಲೇ. ಅವನನ್ನು ಮೊದಲ ಸಾಲಿಗೆ ಕರೆದು, ಅವನಿಗೆ ಬರುವ ಲೆಕ್ಕವನ್ನೇ ಮೊದಲು ಕೊಡಿ. ಅವರು ಹಬ್ಬಕ್ಕೆ ಊರಿಗೆ ಬಂದಾಗ ಒಬ್ಬೊಬ್ಬರನ್ನೇ ಕರೆಯದೆ ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡು ಮಾತಾಡಿ. ಒಬ್ಬನೇ ಮರಳಿದರೆ ಉಳಿದಿಬ್ಬರ ಸೆಳೆತ ಅವನನ್ನು ಮತ್ತೆ ಒಯ್ಯಬಹುದು. ತರಗತಿಗೆ ಬರಲು ಒಪ್ಪದಿದ್ದರೆ, 14 ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಕಟ್ಟಲು ಅವಕಾಶವಿದೆಯೆಂದು ಅವರ ಮನೆಯವರಿಗೂ ತಿಳಿಸಿ.

– ಸಂಪಾದಕ